ಯಜಮಾನರ ಕುರ್ಚಿ ಎಲ್ಲಿರಬೇಕು?

ನಿಮ್ಮ ಹತ್ತು ಜನರ ಸಭೆಗೆ ತರಗತಿಯಂತೆ ಸಾಲುಕುರ್ಚಿ ಬೇಡ. ಒಂದೇ ಉದ್ದ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ. ನೀವು ಮಾತ್ರ ತುದಿಯಲ್ಲಿ ಕೂರಬೇಡಿ. 1961ರಲ್ಲಿ ಸಂಶೋಧಕರಾದ ಸ್ಟ್ರಾಟ್‌ಬೆಕ್ ಮತ್ತು ಹುಕ್ ಅಮೆರಿಕದ ಪ್ರಾಯೋಗಿಕ ಜ್ಯೂರಿಗಳನ್ನು ಗಮನಿಸಿದಾಗ, ತುದಿಯ ಕುರ್ಚಿಯವರೇ ಹೆಚ್ಚಾಗಿ ಮುಖ್ಯಸ್ಥರಾಗಿ ಆಯ್ಕೆಯಾಗುತ್ತಿದ್ದುದು ಕಂಡಿತು. ಸಂಬಳ ಕೊಡುವವರೇ ಅಲ್ಲಿ ಕೂತರೆ ಉಳಿದವರಿಗೆ ತಲೆಯಾಡಿಸುವ ಕೆಲಸವಷ್ಟೇ. ಉದ್ದಬದಿಯ ನಡುವೆ ಕೂತು, ಸಭೆಯಲ್ಲಿ ಬಾಯಿಬಿಡದ ನಿಮ್ಮ ಗೋದಾಮಿನ ಸಿಬ್ಬಂದಿಯನ್ನು ಎದುರಿಗೆ ಕೂರಿಸಿಕೊಳ್ಳಿ. ವೃತ್ತಾಕಾರದಲ್ಲಿ ಕೂತ ಗುಂಪುಗಳಲ್ಲಿ ಎದುರಿನವರ ಮಾತಿಗೇ ಮರುಮಾತು ಹೆಚ್ಚೆಂದು 1950ರಲ್ಲೇ ಸಂಶೋಧಕ ಸ್ಟೈನ್‌ಜೋರ್ ತೋರಿಸಿದ್ದರು. ಪರದೆ ಎಲ್ಲರಿಗೂ ಕಾಣಲು ಮೇಜುಗಳ ಯು ಆಕಾರವೇ ಸರಿ ಎನ್ನುವ ನಿಮ್ಮ ಪಾಲುದಾರರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅದರ ನಡುವಿನ ಖಾಲಿ ಜಾಗ ಎದುರುಬದುರಿನವರನ್ನು ದೂರ ಮಾಡುತ್ತದೆ, ಸಣ್ಣ ಕೋಣೆಯನ್ನು ನುಂಗಿಯೂ ಹಾಕುತ್ತದೆ. ಪರದೆಯನ್ನು ಮೇಜಿನ ಒಂದು ತುದಿಯ ಗೋಡೆಗೆ ಹಾಕಿಸಿ, ಆ ತುದಿಯ ಕುರ್ಚಿ ತೆಗೆಸಿಬಿಡಿ. ದಿನವಿಡೀ ತರಬೇತಿಯಿದ್ದರೆ ಯು ಆಕಾರಕ್ಕೆ ನನ್ನ ತಕರಾರಿಲ್ಲ.