ಮಗಳು ಓದುವ ಚಿತ್ರಕಥೆ, ಮನೆಯವರ ಆತಂಕ



ಅಂದು ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಹೊರಟುಹೋಗಿದ್ದರು. ತಿಕೋಟಾದಿಂದ ಬಸ್ಸಿನಲ್ಲಿ ವಿಜಯಪುರದ ದೇವಾಲಯಕ್ಕೆ ಬರುವ ಒಬ್ಬ ತಾಯಿ ಮಾತ್ರ ಬಾಗಿಲ ಬಳಿ ಸೆರಗಿನ ಅಂಚು ಹಿಡಿದು ನಿಂತಿದ್ದರು. ನಾನು ಹತ್ತಿರ ಹೋದೊಡನೆ ಹೇಳಿಕೊಂಡರು:

“ಸಿಸ್ಟರ್, ನಮ್ಮ ಹುಡುಗಿ ಮೊಬೈಲ್‌ನ್ಯಾಗ ಅದೇನೋ ಜಪಾನಿನ ಚಿತ್ರದ ಕತಿ ಓದಾಕತ್ತಾಳ್ರಿ. ಸಾಲಿ ಹುಡುಗ, ಸಾಲಿ ಹುಡುಗಿ, ಬರೇ ಅದ ಐತ್ರಿ. ಅವರಪ್ಪ ನೋಡಿ ಮೊಬೈಲ್ ಕಸಗೊಂಡ್ರು. ಸಾಲಿ ಬಿಡಿಸಿ ಲಗ್ನಾ ಮಾಡಿಬಿಡ್ತೀನಿ ಅಂತ ಕುಂತಾರ್ರಿ. ಮೂರು ದಿನ ಆತು, ಹುಡುಗಿ ಯಾರ ಜೋಡೀನೂ ಮಾತಾಡವಲ್ಲಳು.”

ಹುಡುಗಿ ಒಂಬತ್ತನೆಯ ತರಗತಿಯವಳು. ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಇದು ಒಂದೇ ಮನೆಯ ಮಾತಲ್ಲ. ನಗರದಲ್ಲಿರಲಿ, ತಿಕೋಟಾ, ಬಬಲೇಶ್ವರದಲ್ಲಿರಲಿ, ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎದ್ದಿದೆ. ಈ ವಾರ ಅದನ್ನೇ ಸಮಾಧಾನದಿಂದ ಕೂಡಿ ಯೋಚಿಸೋಣ.

ಈ ಕಥೆಗಳಾದರೂ ಯಾವುವು?

ಜಪಾನಿನಲ್ಲಿ ಚಿತ್ರಕಥೆಗೆ ‘ಮಾಂಗಾ’ ಎನ್ನುತ್ತಾರೆ. ಹೆಚ್ಚಿನವು ಕಪ್ಪು ಬಿಳುಪು ಚಿತ್ರಗಳು; ಪುಟಗಳು ಬಲದಿಂದ ಎಡಕ್ಕೆ ಸಾಗುತ್ತವೆ. ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಸಂಪುಟಗಳಾಗುತ್ತವೆ. ಅವುಗಳಲ್ಲಿ ಶಾಲೆಯ ಜೀವನವನ್ನು ಕುರಿತವು ಬಹಳ: ಬೆಂಚಿನ ಗೆಳೆತನ, ಪರೀಕ್ಷೆ, ಜಗಳ, ಹದಿಹರೆಯದ ಮೊದಲ ಒಲವು.

ನಮ್ಮ ಕಾಲದಲ್ಲಿಯೂ ಚಿತ್ರಕಥೆಗಳಿದ್ದವು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’, ಅಮರ ಚಿತ್ರಕಥೆ, ‘ಬಾಲಮಂಗಳ’ದ ಡಿಂಗ, ಇವನ್ನು ಓದಿ ನಾವು ಬೆಳೆದೆವು. ಅಲ್ಲಿ ರಾಜರಿದ್ದರು, ಬೇತಾಳನಿದ್ದ, ಪುರಾಣದ ವೀರರಿದ್ದರು. ಆದರೆ ತರಗತಿಯಲ್ಲಿ ಒಂಟಿಯಾಗಿ ಕುಳಿತ ಹದಿನಾಲ್ಕು ವರ್ಷದ ಹುಡುಗಿಯ ಮನಸ್ಸಿನ ಕಥೆ ಅಪರೂಪ. ಆ ವಯಸ್ಸಿನ ಪ್ರಶ್ನೆಗಳನ್ನು ನಾವು ನುಂಗಿಕೊಂಡೆವು. ನಮ್ಮ ಮಕ್ಕಳು ಅವಕ್ಕೆ ಉತ್ತರ ಹುಡುಕುತ್ತಿದ್ದಾರೆ.

ಹಾಗೆಂದು ಎಲ್ಲವೂ ಒಳ್ಳೆಯವೆಂದಲ್ಲ. ಮಾಂಗಾ ಎಂಬ ಒಂದೇ ಹೆಸರಿನಡಿ ಚಿಕ್ಕಮಕ್ಕಳ ಕಥೆಗಳೂ ಇವೆ, ದೊಡ್ಡವರಿಗೆಂದೇ ಬರೆದ ಕೆಟ್ಟ ಚಿತ್ರಗಳೂ ಇವೆ. ಆದುದರಿಂದಲೇ ನೋಡದೆ ಹರಿದು ಹಾಕುವುದೂ ತಪ್ಪು, ನೋಡದೆ ಬಿಟ್ಟುಬಿಡುವುದೂ ತಪ್ಪು. ತಂದೆ ತಾಯಿ ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ಆ ತಾಯಿಯ ಮಾತು ಕೇಳಿದ ಮೇಲೆ ನಾನೂ ಎರಡು ಕಥೆಗಳನ್ನು ಓದಿದೆ.

ಹಾಳುಮಾಡಿದ್ದನ್ನು ತಿರುಗಿ ಕೊಡುವುದು

ಮೊದಲನೆಯದು ಯೊಶಿತೊಕಿ ಓಇಮಾ ಎಂಬ ಲೇಖಕಿಯ ‘ಕೊಎ ನೊ ಕತಾಚಿ’. 2013 ಮತ್ತು 2014ರಲ್ಲಿ ಧಾರಾವಾಹಿಯಾಗಿ ಬಂದು 7 ಸಂಪುಟಗಳಾಯಿತು. 2016ರಲ್ಲಿ ಚಲನಚಿತ್ರವೂ ಆಯಿತು. ಲೇಖಕಿಯ ತಾಯಿ ಸನ್ನೆಭಾಷೆಯ ದುಭಾಷಿ.

ಪ್ರಾಥಮಿಕ ಶಾಲೆಯ ಒಂದು ತರಗತಿಗೆ ಶೊಕೊ ಎಂಬ ಕಿವಿ ಕೇಳದ ಹುಡುಗಿ ಬರುತ್ತಾಳೆ. ಅವಳ ಬಳಿ ಒಂದು ನೋಟ್‌ಬುಕ್ಕು. ಮಾತನಾಡಬೇಕಾದವರು ಅದರಲ್ಲಿ ಬರೆಯಬೇಕು. ಶೋಯಾ ಎಂಬ ಹುಡುಗ ಅವಳನ್ನು ಗೇಲಿ ಮಾಡುತ್ತಾನೆ, ಕಿವಿಯ ಯಂತ್ರಗಳನ್ನು ಕಿತ್ತು ಹಾಳುಮಾಡುತ್ತಾನೆ. ತರಗತಿಯವರು ನಗುತ್ತಾರೆ. ಶಿಕ್ಷಕರಿಗೂ ಗೊತ್ತು, ಆದರೂ ಕಂಡೂ ಕಾಣದಂತಿರುತ್ತಾರೆ. ವಿಚಾರಣೆ ಬಂದಾಗ ಮಾತ್ರ ಎಲ್ಲರೂ ಅವನೊಬ್ಬನತ್ತ ಬೆರಳು ತೋರಿಸುತ್ತಾರೆ. ಹುಡುಗಿ ಶಾಲೆ ಬಿಟ್ಟುಹೋಗುತ್ತಾಳೆ. ಗೇಲಿ ಮಾಡಿದವನೇ ಈಗ ಎಲ್ಲರ ಗೇಲಿಗೆ ಗುರಿಯಾಗಿ ಒಂಟಿಯಾಗುತ್ತಾನೆ.

ಪ್ರಿಯರೇ, ಸಂತ ಅಗಸ್ಟೀನರು ತಮ್ಮ 16ನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಕೂಡಿ ನೆರೆಯ ತೋಟದ ಹಣ್ಣು ಕದ್ದುದನ್ನು ಬರೆದಿದ್ದಾರಲ್ಲವೇ? ಒಬ್ಬನೇ ಇದ್ದಿದ್ದರೆ ತಾನು ಅದನ್ನು ಮಾಡುತ್ತಿರಲಿಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಾರೆ. ಗುಂಪಿನ ನಗೆಯಲ್ಲಿ ಪಾಪ ಹಗುರವಾಗಿ ಕಾಣುತ್ತದೆ; ಮನೆಗೆ ಬಂದು ಒಬ್ಬರೇ ಕುಳಿತಾಗ ಅದರ ಭಾರ ತಿಳಿಯುತ್ತದೆ.

ಮುಂದೆ ಶೋಯಾ ಏನು ಮಾಡಿದ? ಆ ಯಂತ್ರಗಳಿಗಾಗಿ ಅವನ ತಾಯಿ 17 ಲಕ್ಷ ಯೆನ್ ಕಟ್ಟಿದ್ದರು. ದೊಡ್ಡವನಾದ ಮೇಲೆ ದುಡಿದು, ತನ್ನ ವಸ್ತುಗಳನ್ನು ಮಾರಿ, ಆ ಹಣವನ್ನೆಲ್ಲ ತಾಯಿಗೆ ತಂದುಕೊಟ್ಟ. ಸನ್ನೆಭಾಷೆ ಕಲಿತ. ಹಳೆಯ ನೋಟ್‌ಬುಕ್ಕನ್ನು ಹಿಡಿದು ಶೊಕೊಳನ್ನು ಹುಡುಕಿಕೊಂಡು ಹೋದ. ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಜಕ್ಕಾಯ ನೆನಪಾಗುವುದಿಲ್ಲವೇ? ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸಲು ಅವನು ಮುಂದಾದ. ಪಶ್ಚಾತ್ತಾಪವೆಂದರೆ ಇದೇ. ಕಣ್ಣೀರಿನೊಂದಿಗೆ ಕೈಯೂ ಕೆಲಸ ಮಾಡಬೇಕು.

ಕ್ರಮೇಣ ಶೊಕೊಳಿಗೆ ಅವನ ಮೇಲೆ ಒಲವು ಮೂಡುತ್ತದೆ. ಒಂದು ದಿನ ಬಾಯಿಬಿಟ್ಟು ‘ಸುಕಿ’ ಎನ್ನುತ್ತಾಳೆ, ಇಷ್ಟ ಎಂದರ್ಥ. ಅವಳ ಉಚ್ಚಾರ ಸ್ಪಷ್ಟವಿಲ್ಲದ್ದರಿಂದ ಅವನಿಗೆ ‘ತ್ಸುಕಿ’ ಎಂದು ಕೇಳಿಸುತ್ತದೆ, ಹಾಗೆಂದರೆ ಚಂದ್ರ. ಅವನು ಆಕಾಶ ನೋಡಿ, ಹೌದು, ಚಂದ್ರ ಚೆನ್ನಾಗಿದ್ದಾನೆ ಎನ್ನುತ್ತಾನೆ. ಕಥೆ ಮದುವೆಯಲ್ಲಿ ಮುಗಿಯುವುದಿಲ್ಲ. ಒಬ್ಬರಿಗೊಬ್ಬರು ಬದುಕಲು ನೆರವಾಗುವ ಗೆಳೆತನದಲ್ಲಿ ಮುಗಿಯುತ್ತದೆ.

ಒಂದು ಎಚ್ಚರಿಕೆ. ಈ ಕಥೆಯಲ್ಲಿ ಪ್ರಾಣ ಕಳೆದುಕೊಳ್ಳುವ ಯತ್ನದ ಭಾಗಗಳಿವೆ. ಆದುದರಿಂದ ಚಿಕ್ಕವರಿಗೆ ಕೊಡಬೇಡಿ. ದೊಡ್ಡ ಮಕ್ಕಳೊಡನೆ ಕೂಡಿ ಓದಿ, ಅವರ ಮನಸ್ಸು ಹೇಗಿದೆಯೆಂದು ನೇರವಾಗಿ ಕೇಳಿ. ಮಗು ಬದುಕು ಸಾಕೆಂಬ ಮಾತಾಡಿದರೆ ತಡಮಾಡದೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಗಾಳಿಮಾತು ಮತ್ತು ನೇರ ಮಾತು

ಎರಡನೆಯದು ಕರುಹೊ ಶೀನಾ ಎಂಬವರ ‘ಕಿಮಿ ನಿ ತೊದೊಕೆ’. 2017ರಲ್ಲಿ ಮುಗಿದ ಈ ಕಥೆ 30 ಸಂಪುಟಗಳಷ್ಟು ದೀರ್ಘ. ಸವಾಕೊ ಎಂಬ ಸಂಕೋಚದ ಹುಡುಗಿಯನ್ನು ತರಗತಿಯವರು ಒಂದು ದೆವ್ವದ ಹೆಸರಿಟ್ಟು ಕರೆಯುತ್ತಾರೆ. ಕಝೆಹಾಯಾ ಎಂಬ ಹುಡುಗ ಮಾತ್ರ ಅವಳನ್ನು ಮನುಷ್ಯಳಂತೆ ಕಾಣುತ್ತಾನೆ. ಅವಳಿಗೆ ಇಬ್ಬರು ಗೆಳತಿಯರೂ ಸಿಗುತ್ತಾರೆ. ಅಷ್ಟರಲ್ಲಿ, ಆ ಗೆಳತಿಯರ ಬಗ್ಗೆ ಸವಾಕೊ ಕೆಟ್ಟ ಮಾತು ಹಬ್ಬಿಸುತ್ತಿದ್ದಾಳೆಂಬ ಸುಳ್ಳು ಸುದ್ದಿ ಹರಡುತ್ತದೆ.

ನಮ್ಮ ಗೋಳಗುಮ್ಮಟದ ಮೇಲಿನ ಪಿಸುಮಾತಿನ ಮೊಗಸಾಲೆಗೆ ನೀವು ಹೋಗಿದ್ದೀರಿ. ಒಂದು ಬದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆಯ ಬದಿಯವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುದನಿ. ಗಾಳಿಮಾತೂ ಹಾಗೆಯೇ. ಇಂದಿನ ವಾಟ್ಸಾಪ್ ಗುಂಪಿಗೆ ಗುಮ್ಮಟವೂ ಬೇಡ.

ಆ ಮೂವರು ಹುಡುಗಿಯರು ಉಳಿದದ್ದು ಹೇಗೆ? ಎದುರುಬದುರು ನಿಂತು ಕೇಳಿಕೊಂಡದ್ದರಿಂದ, ಸುದ್ದಿಗಿಂತ ಗೆಳತಿಯನ್ನು ನಂಬಿದ್ದರಿಂದ. ನಂಬಿಕೆಯ ಗೆಳೆಯನು ಬೆಲೆ ಕಟ್ಟಲಾಗದ ಆಸರೆಯೆಂದು ಸಿರಾಖನ ಗ್ರಂಥದ 6ನೆಯ ಅಧ್ಯಾಯ ಕಲಿಸುವುದೂ ಇದನ್ನೇ. ಸವಾಕೊ ಮತ್ತು ಕಝೆಹಾಯಾ ಮನಸ್ಸನ್ನು ಹೇಳಿಕೊಳ್ಳಲು ಎಷ್ಟೋ ಸಂಪುಟಗಳು ಕಳೆಯುತ್ತವೆ. ಅಷ್ಟರೊಳಗೆ ಅವಳು ಗೆಳೆತನ ಕಲಿತಿರುತ್ತಾಳೆ. ಒಲವಿಗೂ ಒಂದು ಕಾಲವಿದೆ, ಅದನ್ನು ಬಲವಂತದಿಂದ ಎಬ್ಬಿಸಬಾರದೆಂದು ಪರಮಗೀತೆಯೂ ಎಚ್ಚರಿಸುತ್ತದೆ.

ಮನಸ್ಸಿನ ಒಲವನ್ನು ನೇರವಾಗಿ ಹೇಳುವುದಕ್ಕೆ ಜಪಾನಿನವರು ‘ಕೊಕುಹಾಕು’ ಎನ್ನುತ್ತಾರೆ, ಅಂದರೆ ನಿವೇದನೆ. ಸಂತ ಅಗಸ್ಟೀನರ ಆತ್ಮಕಥೆಗೆ ಜಪಾನಿ ಭಾಷೆಯಲ್ಲಿರುವ ಹೆಸರೂ ಅದೇ. ಪಾಪನಿವೇದನೆ ಮಾಡುವ ನಮಗೆ ಈ ಮಾತು ಹೊಸದಲ್ಲ. ಮುಚ್ಚಿಟ್ಟದ್ದು ಕೊಳೆಯುತ್ತದೆ, ಕೇಳುವವರು ಪ್ರೀತಿಯಿಂದ ಕೇಳಿದರೆ, ಹೇಳಿಕೊಂಡದ್ದು ವಾಸಿಯಾಗುತ್ತದೆ.

ಕಥೆಯಲ್ಲಿ ಇಲ್ಲದ್ದು, ಮನೆಯಲ್ಲಿ ಇರಬೇಕಾದದ್ದು

ಈ ಕಥೆಗಳಲ್ಲಿ ದೊಡ್ಡವರು ಹೆಚ್ಚಾಗಿ ದೂರದಲ್ಲಿರುತ್ತಾರೆ. ಮಕ್ಕಳು ತಮ್ಮ ನೋವನ್ನು ತಾವೇ ಹೊರುತ್ತಾರೆ. ಪ್ರಾರ್ಥನೆಗೆ, ದೇವರ ಕ್ಷಮೆಗೆ ಅಲ್ಲಿ ಸ್ಥಳ ಕಡಿಮೆ. ಆ ತೆರವಾದ ಸ್ಥಳ ನಮ್ಮದು. ನಾವು ಅಲ್ಲಿ ಹೋಗಿ ಕೂಡದಿದ್ದರೆ, ಮೊಬೈಲಿನಲ್ಲಿ ಸಿಹಿಮಾತಾಡುವ ಯಾರೋ ಅಪರಿಚಿತನು ಹೋಗಿ ಕೂಡುತ್ತಾನೆ. ಮುಂದೆ ಅವನು ಹೆದರಿಸಿದಾಗ, ಬೈಗುಳಕ್ಕೆ ಅಂಜಿದ ಮಗು ಮನೆಯಲ್ಲಿ ಹೇಳುವುದೇ ಇಲ್ಲ.

ಇನ್ನು ಶಾಲೆ ಬಿಡಿಸಿ ಮದುವೆ ಮಾಡುವ ಮಾತು. ತಂದೆಯ ಭಯ ನನಗೆ ಅರ್ಥವಾಗುತ್ತದೆ. ಮಗಳ ಹೆಸರು ಕೆಡಬಾರದೆಂಬುದು ಅವರ ಕಾಳಜಿ. ಆದರೆ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಧರ್ಮಸಭೆಯೂ ತನ್ನ 1983ರ ಕಾನೂನು ಸಂಹಿತೆಯ 1072ನೆಯ ನಿಯಮದಲ್ಲಿ, ನಾಡಿನ ವಾಡಿಕೆಯ ವಯಸ್ಸಿಗೆ ಮುಂಚೆ ಮದುವೆಯಾಗದಂತೆ ಯುವಜನರ ಮನವೊಲಿಸಲು ಗುರುಗಳಿಗೆ ಹೇಳುತ್ತದೆ. ಬಲವಂತದಿಂದ ಅಥವಾ ಘೋರ ಭಯದಿಂದ ಕೊಟ್ಟ ಒಪ್ಪಿಗೆಯಿಂದ ವಿವಾಹ ಸಿಂಧುವಾಗದೆಂದು 1103ನೆಯ ನಿಯಮ ತಿಳಿಸುತ್ತದೆ. ಹೆದರಿಸಿ ಕೂಡಿಸಿದ ಮದುವೆಯಿಂದ ಮನೆಯ ಮಾನ ಉಳಿಯುವುದಿಲ್ಲ; ಒಂದು ಮಗುವಿನ ಬಾಯಿ ಮಾತ್ರ ಕಟ್ಟುತ್ತದೆ. ಅಂಥ ಅಪಾಯದಲ್ಲಿರುವ ಮಗುವಿಗೆ 1098 ಸಹಾಯವಾಣಿ ಇದೆ.

2016ರಲ್ಲಿ ಪ್ರಕಟವಾದ ‘ಅಮೋರಿಸ್ ಲೆತೀಸಿಯಾ’ದಲ್ಲಿ ದಿವಂಗತ ಪೋಪ್ ಫ್ರಾನ್ಸಿಸರು ತಂದೆ ತಾಯಂದಿರಿಗೆ ಒಂದು ಒಳ್ಳೆಯ ಮಾತು ಹೇಳಿದ್ದಾರೆ. ಮಗು ಈಗ ಯಾವ ಜಾಗದಲ್ಲಿದೆಯೆಂದು ತಿಳಿದರೆ ಸಾಲದು, ಅದರ ಮನಸ್ಸು ಎಲ್ಲಿದೆಯೆಂದು ತಿಳಿಯಬೇಕೆಂಬುದೇ ಅದರ ಸಾರ. 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುತಿಸ್ 15ನೆಯ ವಯಸ್ಸಿನಲ್ಲಿ ತೀರಿಕೊಂಡವರು. ಅವರಿಗೂ ಕಂಪ್ಯೂಟರ್ ಆಟಗಳೆಂದರೆ ಇಷ್ಟ. ಆದರೆ ವಾರಕ್ಕೆ ಒಂದೇ ತಾಸೆಂದು ತಾವೇ ಮಿತಿ ಹಾಕಿಕೊಂಡಿದ್ದರು. ಮಿತಿ ಬೇಕು, ನಿಜ. ಮಗು ತಾನಾಗಿ ಒಪ್ಪಿದ ಮಿತಿ ಬಾಳುತ್ತದೆ.

ಆ ಮನೆಯಲ್ಲಿ ನಡೆದದ್ದು

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಇವತ್ತು ಬೈಯಬೇಡಿ. ಕಥೆ ಏನೆಂದು ಕೇಳಿ, ಪೂರ್ತಿ ಕೇಳಿ.” ಅಂದು ರಾತ್ರಿ ರೊಟ್ಟಿ ಬಡಿಯುತ್ತ ಅವರು ಕೇಳಿದರು. ಮಗಳು ಕಿವಿ ಕೇಳದ ಹುಡುಗಿಯ ಕಥೆ ಹೇಳತೊಡಗಿ, ನಡುವೆ ಅತ್ತುಬಿಟ್ಟಳು. ಅವಳ ತರಗತಿಯಲ್ಲಿ ಬಬಲೇಶ್ವರದ ಕಡೆಯ ಒಬ್ಬ ಹುಡುಗಿ ಇದ್ದಾಳೆ, ಮಾತು ತೊದಲುತ್ತದೆ. ಎಲ್ಲರೊಂದಿಗೆ ಇವಳೂ ಅವಳನ್ನು ಅಣಕಿಸಿದ್ದಳು. ಆ ಹುಡುಗಿ ಕೆಲವು ದಿನಗಳಿಂದ ಶಾಲೆಗೆ ಬಂದಿರಲಿಲ್ಲ.

“ಅವ್ವಾ, ತಪ್ಪು ಮಾಡಿದವರು ಮತ್ತ ಗೆಳತಿ ಆಗಬಹುದೇನು?” ಎಂದು ಕೇಳಿದಳಂತೆ.

ಅಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಂದಿನ ಭಾನುವಾರ ಅವರೇ ಮಗಳನ್ನು ಬೈಕಿನಲ್ಲಿ ಕೂಡಿಸಿಕೊಂಡು ಆ ಹುಡುಗಿಯ ಮನೆಗೆ ಹೋದರು. ಆ ಹುಡುಗಿ ಮೊದಲ ದಿನ ಹೊರಗೆ ಬರಲಿಲ್ಲ. ಎರಡನೆಯ ಸಲ ಹೋದಾಗ ಬಂದಳು. ಶಾಲೆ ಬಿಡಿಸುವ ಮಾತು ಆ ಮನೆಯಲ್ಲಿ ಮತ್ತೆ ಎದ್ದಿಲ್ಲ.

ಮನೆಯವರೆಲ್ಲ ಕೂಡಿ ಯೋಚಿಸಲು

1. ನಮ್ಮ ಮಗು ಈಗ ಓದುತ್ತಿರುವ ಅಥವಾ ನೋಡುತ್ತಿರುವ ಕಥೆಯ ಹೆಸರು ನಮಗೆ ಗೊತ್ತೇ?

2. ಗುಂಪಿನೊಂದಿಗೆ ಸೇರಿ ನಾವು ಯಾರನ್ನಾದರೂ ನೋಯಿಸಿದ್ದೇವೆಯೇ? ಅದನ್ನು ಸರಿಪಡಿಸಲು ಏನು ಮಾಡಬಹುದು?

3. ಮನಸ್ಸಿನಲ್ಲಿ ಒಲವು ಮೂಡಿದೆಯೆಂದು ಮಗ ಅಥವಾ ಮಗಳು ಹೇಳಿದರೆ, ನಮ್ಮ ಮೊದಲ ಮಾತು ಏನಾಗಿರಬೇಕು?

ಪ್ರಾರ್ಥನೆ: ಶಿಷ್ಯರನ್ನು ಗೆಳೆಯರೆಂದು ಕರೆದ ಯೇಸುಸ್ವಾಮಿ, ನಮ್ಮ ಮಕ್ಕಳ ಗೆಳೆತನವನ್ನು ಕಾಪಾಡಿರಿ. ಅವರು ಹೇಳುವುದಕ್ಕೆ ಮುಂಚೆ ತೀರ್ಪು ಕೊಡದಂತೆ ನಮ್ಮ ನಾಲಿಗೆಯನ್ನು ತಡೆಯಿರಿ. ತಪ್ಪಿದಲ್ಲಿ ತಿದ್ದಿಕೊಳ್ಳುವ ಧೈರ್ಯವನ್ನು ಅವರಿಗೂ ನಮಗೂ ದಯಪಾಲಿಸಿರಿ. ಆಮೆನ್.