ಎರೆಹೊಲದ ಬದುವಿಗೆ ಬೇವು

ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬಿ ಬೆಳೆಗಳು ಹೆಚ್ಚಾಗಿ ಭೂಮಿಯಲ್ಲಿ ಉಳಿದ ತೇವದ ಮೇಲೆಯೇ ಬರುತ್ತವೆ. ಬದುವಿನ ಗಿಡ ಈ ತೇವವನ್ನು ಹೀರುತ್ತದೆಂದು ಕೆಲವು ರೈತರು ಬೇವನ್ನು ಕಡಿದುಹಾಕುವುದುಂಟು. ಗಿಡದ ಹತ್ತಿರದ ಕೆಲವು ಸಾಲುಗಳು ಸೊರಗುವುದು ನಿಜ. ಆದರೆ ಗಿಡ ಕೊಡುವುದನ್ನೂ ಲೆಕ್ಕ ಹಾಕಬೇಕು.

ಕಡಲೆಗೆ ಕಾಯಿಕೊರಕ ಹುಳುವಿನ ಕಾಟ ಬಹಳ. ಇದಕ್ಕೆ ಮದ್ದು ಬದುವಿನಲ್ಲಿಯೇ ಇದೆ. ಜೂನ್-ಜುಲೈ ಸುಮಾರಿಗೆ ಉದುರುವ ಬೇವಿನ ಹಣ್ಣನ್ನು ಆರಿಸಿ, ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿ ಇಡಿರಿ. ಕಡಲೆ ಹೂವಾಡುವಾಗ, ಸಿಪ್ಪೆ ತೆಗೆದ 5 ಕಿ.ಗ್ರಾಂ. ಬೀಜವನ್ನು ಪುಡಿಮಾಡಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ. ಮರುದಿನ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಸೇರಿಸಿ ಸಂಜೆ ಸಿಂಪಡಿಸಿರಿ. ಈ ಕಷಾಯ ತತ್ತಿ ಮತ್ತು ಸಣ್ಣ ಮರಿಹುಳುಗಳ ಹಂತದಲ್ಲಿ ಪರಿಣಾಮಕಾರಿ. ಬಲಿತ ಹುಳುವಿಗೆ ಸಾಲದು. ಬಲಿತವುಗಳನ್ನು ಗಿಡದ ಮೇಲೆ ಕೂರುವ ಕಾಜಾಣ, ಗೊರವಂಕ ಹಕ್ಕಿಗಳು ಹೆಕ್ಕಿ ತಿನ್ನುತ್ತವೆ.

ತೇವದ ನಷ್ಟ ತಗ್ಗಿಸಲು, ಹಿಂಗಾರಿ ಬಿತ್ತನೆಗೆ ಮುಂಚೆ ಕೆಳಗಿನ ಟೊಂಗೆಗಳನ್ನು ಸವರಿರಿ. ಹೊಲದ ಕಡೆಗೆ ಹರಿದ ಮೇಲ್ಬೇರುಗಳನ್ನು ಬದುವಿನ ಪಕ್ಕದಲ್ಲಿ ಅಗೆದು ಕತ್ತರಿಸಿರಿ. ಸವರಿದ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿರಿ. ಟೊಂಗೆ ಒಲೆಗಾದರೆ ಸೆಗಣಿ ಹೊಲಕ್ಕೆ ಉಳಿಯುತ್ತದೆ.