ಕೊಲೆಸ್ಟರಾಲ್ ಮಾತ್ರೆಗೆ ವಿಮೆಯ ಹಣ ಸಿಗುವುದೇ?

'ಡಾಕ್ಟರೇ, ವರ್ಷ ವರ್ಷ ಸಾವಿರಾರು ರೂಪಾಯಿ ಆರೋಗ್ಯ ವಿಮೆಗೆ ಕಟ್ಟುತ್ತೇವೆ. ಈ ಮಾತ್ರೆಯ ಬಿಲ್ಲು ಕೊಟ್ಟರೆ ಹಣ ಬರುವುದಿಲ್ಲವೇ?' ಕೊಲೆಸ್ಟರಾಲ್ ಹೆಚ್ಚಾದವರು ಅನೇಕರು ಕೇಳುವ ಪ್ರಶ್ನೆಯಿದು. ಬಹುತೇಕ ಪಾಲಿಸಿಗಳಲ್ಲಿ ಇದಕ್ಕೆ ಉತ್ತರ 'ಇಲ್ಲ' ಎಂದೇ.

ನಮ್ಮಲ್ಲಿನ ಸಾಮಾನ್ಯ ಆರೋಗ್ಯ ವಿಮೆ ಒಳರೋಗಿಗಳಿಗಾಗಿ ಇರುವಂಥದು. ಸಾಮಾನ್ಯವಾಗಿ 24 ಗಂಟೆಯಾದರೂ ಆಸ್ಪತ್ರೆಯಲ್ಲಿ ದಾಖಲಾಗಿರಬೇಕು. ಹೃದಯಾಘಾತವಾಗಿ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡರೆ ಹಣ ದೊರೆಯುತ್ತದೆ. ಆ ಹೃದಯಾಘಾತವನ್ನು ತಡೆಯಲು ದಿನಾ ರಾತ್ರಿ ನುಂಗುವ ಮಾತ್ರೆ ಹೊರರೋಗಿ ಚಿಕಿತ್ಸೆ. ಅದರ ಖರ್ಚು ನಿಮ್ಮದೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ!

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆಯಾದ ನಂತರವೂ ಕೆಲವು ದಿನ ಔಷಧಿಯ ವೆಚ್ಚ ಸಿಗುತ್ತದೆ. 2020ರಲ್ಲಿ ಬಂದ 'ಆರೋಗ್ಯ ಸಂಜೀವಿನಿ' ಪಾಲಿಸಿಯಲ್ಲಿ ಇದು 60 ದಿನ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ 15 ದಿನ. ಅಪಾಯವಿರುವುದು ಇಲ್ಲಿಯೇ. ವಿಮೆಯ ಅವಧಿ ಮುಗಿಯಿತೆಂದರೆ ಚಿಕಿತ್ಸೆಯೂ ಮುಗಿಯಿತೆಂದು ಕೆಲವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) ಮತ್ತೆ ಏರುತ್ತದೆ. ಒಮ್ಮೆ ಹೃದಯಾಘಾತವಾದವರಿಗೆ ಈ ಮಾತ್ರೆ ಸಾಮಾನ್ಯವಾಗಿ ಜೀವನಪರ್ಯಂತ ಬೇಕು.

ದುಬಾರಿ ಚುಚ್ಚುಮದ್ದು

ಇವೊಲೊಕುಮ್ಯಾಬ್, ಇನ್‌ಕ್ಲಿಸಿರಾನ್ ಮುಂತಾದ ಹೊಸ ಚುಚ್ಚುಮದ್ದುಗಳು ಪರಿಣಾಮಕಾರಿ, ಆದರೆ ಬಲು ದುಬಾರಿ. ಆಸ್ಪತ್ರೆಗೆ ಸೇರದೆ ತೆಗೆದುಕೊಳ್ಳುವುದರಿಂದ ಸಾಮಾನ್ಯ ಪಾಲಿಸಿಯಲ್ಲಿ ಇವುಗಳ ಹಣ ಸಿಗುವುದು ಕಷ್ಟ. ಇವು ಎಲ್ಲರಿಗೂ ಬೇಕಿಲ್ಲ. ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ತೀರಾ ಹೆಚ್ಚಿರುವವರಿಗೆ, ಸ್ಟಾಟಿನ್ ಮಾತ್ರೆಯನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟು, ಜೊತೆಗೆ ಎಜೆಟಿಮೈಬ್ ಸೇರಿಸಿದರೂ ಇಳಿಯದ ಹೃದ್ರೋಗಿಗಳಿಗೆ ಮತ್ತು ಸ್ಟಾಟಿನ್ ಒಗ್ಗದ ಕೆಲವರಿಗೆ ಇವು ಉಪಯುಕ್ತ. ಯಾರಾದರೂ ಸೂಚಿಸಿದರೆ, 'ಮಾತ್ರೆಯಲ್ಲೇ ಸಾಧ್ಯವಿಲ್ಲವೇ?' ಎಂದು ಕೇಳಲು ಸಂಕೋಚ ಬೇಡ.

ಖರ್ಚು ತಗ್ಗಿಸುವ ದಾರಿ

* ಅಟೊರ್ವಸ್ಟಾಟಿನ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅದರ ಗರಿಷ್ಠ ಬೆಲೆಯನ್ನು ಸರ್ಕಾರ ನಿಗದಿಪಡಿಸುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಇದೂ ರೋಸುವಸ್ಟಾಟಿನ್ ಕೂಡ ಅಗ್ಗವಾಗಿ ಸಿಗುತ್ತವೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರನ್ನು ಬರೆಯುವಂತೆ ವೈದ್ಯರನ್ನು ಕೇಳಿ.
* ಇಎಸ್‌ಐ ಸೌಲಭ್ಯವಿರುವ ಕಾರ್ಮಿಕರು ಮತ್ತು ಅವರ ಕುಟುಂಬದವರು ಇಎಸ್‌ಐ ಚಿಕಿತ್ಸಾಲಯದಲ್ಲಿ ಔಷಧಿ ಪಡೆಯಬಹುದು. ಕೇಂದ್ರ ಸರ್ಕಾರಿ ನೌಕರರಿಗೆ, ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಇದೆ.
* ಕೆಲವು ಪಾಲಿಸಿಗಳಲ್ಲಿ ಹೆಚ್ಚುವರಿ ಕಂತು ಕಟ್ಟಿದರೆ ಹೊರರೋಗಿ ವೆಚ್ಚವೂ ಸಿಗುತ್ತದೆ. ಆ ಕಂತು ಎಷ್ಟು, ವರ್ಷಕ್ಕೆ ಸಿಗುವ ಮಿತಿ ಎಷ್ಟು ಎಂದು ಲೆಕ್ಕ ಹಾಕಿಯೇ ತೆಗೆದುಕೊಳ್ಳಿ.

ಮುಚ್ಚಿಡಬೇಡಿ

ಹೊಸ ಪಾಲಿಸಿ ಮಾಡಿಸುವಾಗ ಕೊಲೆಸ್ಟರಾಲ್ ಇರುವುದನ್ನೂ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನೂ ಅರ್ಜಿಯಲ್ಲಿ ಬರೆಯಿರಿ. ಏಜೆಂಟರು 'ಬೇಡ' ಎಂದರೂ ಬರೆಯಿರಿ. 2024ರ ನಿಯಮದಂತೆ, ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 3 ವರ್ಷ ಮೀರುವಂತಿಲ್ಲ. ಮುಚ್ಚಿಟ್ಟಿದ್ದು ಹೃದಯಾಘಾತವಾದಾಗ ಹೊರಬಿದ್ದರೆ, ಲಕ್ಷಾಂತರ ರೂಪಾಯಿಯ ಬಿಲ್ಲು ಮನೆಯವರ ತಲೆಯ ಮೇಲೆ ಬೀಳಬಹುದು.

ವಿಮೆ ಹಣ ಕೊಡಲಿ, ಬಿಡಲಿ, ಮಾತ್ರೆ ನಿಲ್ಲಿಸಬೇಡಿ. ಬೆಲೆ ಭಾರವಾದರೆ ಅದನ್ನು ವೈದ್ಯರಿಗೆ ತಿಳಿಸಿ. ನಿಮ್ಮ ಕೈಗೆಟಕುವ ಮಾತ್ರೆಯನ್ನು ಹುಡುಕಿಕೊಡುವುದೂ ವೈದ್ಯರ ಕೆಲಸವೇ.